ಕೊನೆಯ ಹೆಜ್ಜೆಯಿಂದ ಹಿಂದಕ್ಕೆ: ಹರಳಿನ ಬೆಳ್ಳಿಯುಂಗುರವನ್ನು ಕೈಯಿಂದ ಮಾಡುವ ಕ್ರಮ

ಒಡವೆ ಮಾಡುವುದನ್ನು ಕಲಿಯಲು ಬರುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಹಿಡಿದುಕೊಂಡೇ ಬರುತ್ತಾರೆ. ಚಿತ್ರ ಚೆಂದವಾಗಿರುತ್ತದೆ, ಆದರೆ ಯಾವ ಭಾಗ ಯಾವುದಕ್ಕಿಂತ ಮೊದಲು ಬೆಂಕಿಗೆ ಹೋಗಬೇಕು, ಅರ ಆಡಿಸಲು ಎಲ್ಲಿ ಜಾಗ ಉಳಿಯುತ್ತದೆ, ಹರಳು ಯಾವ ಹೊತ್ತಿಗೆ ಕೂರಬೇಕು ಎಂಬುದರ ಸುಳಿವು ಅದರಲ್ಲಿ ಇರುವುದಿಲ್ಲ. ಕೈಯಿಂದ ಮಾಡುವ ಒಡವೆಯ ಮಟ್ಟಿಗೆ ವಿನ್ಯಾಸವೆಂದರೆ ಬಹುಪಾಲು ಈ ಸರದಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅನುಭವವಿರುವ ಅಕ್ಕಸಾಲಿಗ ಕಾಗದದ ಮೇಲೆ ಗೆರೆ ಎಳೆಯುವಾಗಲೇ ಕಟ್ಟಕಡೆಯ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಯೋಚಿಸುತ್ತಾನೆ. ಈ ಲೇಖನದಲ್ಲಿ ಅದೇ ಕ್ರಮವನ್ನು ಒಂದು ಸರಳ ಒಡವೆಯ ಮೂಲಕ, ಅಂದರೆ ಒಂದೇ ಹರಳಿರುವ ಬೆಳ್ಳಿಯ ಉಂಗುರದ ಮೂಲಕ ವಿವರಿಸಲಾಗಿದೆ. ಇದನ್ನು ಕಲಿತವರಿಗೆ ಪದಕ, ಓಲೆ, ಕಡಗಗಳ ಹರಳಿನ ಕೆಲಸವೂ ಮುಂದೆ ಕಷ್ಟವಾಗುವುದಿಲ್ಲ.

ಹರಳು ಮೊದಲು, ಚಿತ್ರ ಆಮೇಲೆ

ಕಾಗದ ಮುಟ್ಟುವ ಮೊದಲು ಹರಳನ್ನು ಕೊಂಡು ತನ್ನಿ. ಚಿತ್ರಕ್ಕೆ ತಕ್ಕ ಹರಳು ಹುಡುಕುವುದಕ್ಕಿಂತ ಕೈಯಲ್ಲಿರುವ ಹರಳಿಗೆ ತಕ್ಕ ಉಂಗುರವನ್ನು ಯೋಚಿಸುವುದು ಸುಲಭ, ಮತ್ತು ಫಲವೂ ಬಹುತೇಕ ಚೆನ್ನಾಗಿರುತ್ತದೆ. ಮೊದಲ ಉಂಗುರಕ್ಕೆ ನಾನು ಸೂಚಿಸುವುದು 12 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲದ ಅಂಡಾಕಾರದ ಗಾರ್ನೆಟ್. ಮೇಲ್ಭಾಗ ಉಬ್ಬಿ ತಳ ಚಪ್ಪಟೆಯಾಗಿರುವ, ವ್ಯಾಪಾರಿಗಳು ಕ್ಯಾಬೋಶಾನ್ ಎಂದು ಕರೆಯುವ ಕಟ್ಟಿನದು. ಅದರ ಕೆಂಪು ಬೆಳ್ಳಿಯ ಬಿಳುಪಿಗೆ ಒಪ್ಪುತ್ತದೆ, ಬೆಲೆ ಹೆಚ್ಚಿಲ್ಲ, ಗಡಸುತನ ಒಂದರಿಂದ ಹತ್ತರವರೆಗಿನ ಮೋಸ್ ಮಾಪಕದಲ್ಲಿ ಸುಮಾರು 6.5ರಿಂದ 7.5ರವರೆಗೆ ಇರುವುದರಿಂದ ದಿನಬಳಕೆಗೂ ತಡೆಯುತ್ತದೆ. ಮುತ್ತು, ಓಪಲ್, ವೈಡೂರ್ಯಗಳ ಪೈಕಿ ಯಾವುದನ್ನು ಬೇಕಾದರೂ ಉಂಗುರಕ್ಕೆ ಹಾಕಬಹುದು ಎಂದು ಅಂಗಡಿಯವರು ಹೇಳಬಹುದು. ಆದರೆ ಮುತ್ತಿನ ಗಡಸುತನ 4.5ನ್ನು ಮೀರುವುದಿಲ್ಲ, ಆಮ್ಲ ತಾಗಿದರೆ ಅದರ ಮೈ ಕರಗುತ್ತದೆ. ಓಪಲ್ ಒಳಗೆ ನೀರಿನಂಶವಿರುವುದರಿಂದ ಶಾಖಕ್ಕೆ ಬಿರುಕು ಬಿಡುತ್ತದೆ. ಕಲಿಯುವವರು ಮುತ್ತು, ಓಪಲ್ ಎರಡರಿಂದಲೂ ದೂರವಿರುವುದು ಮೇಲು.

ಕೊಳ್ಳುವಾಗ ಹರಳನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿ. ತಳ ಸಮವಾಗಿಲ್ಲದಿದ್ದರೆ ಅದು ತೂಗಾಡುತ್ತದೆ. ಅಂಚಿನ ಸುತ್ತ ಭೂತಗನ್ನಡಿ ಆಡಿಸಿ ಸೀಳುಗಳಿವೆಯೇ ಎಂದು ಪರೀಕ್ಷಿಸಿ, ಏಕೆಂದರೆ ಬೆಳ್ಳಿಯ ಗೋಡೆಯನ್ನು ಒತ್ತುವುದು ಆ ಅಂಚಿನ ಮೇಲೆಯೇ. ಬೆಂಗಳೂರಿನವರಿಗೆ ಹರಳು, ಲೋಹ, ಹತಾರಗಳಿಗೆ ಅವೆನ್ಯೂ ರಸ್ತೆ ಮತ್ತು ನಗರ್ತಪೇಟೆಯ ಒಳಗಲ್ಲಿಗಳೇ ಸಾಕು. ಬೇರೆ ಊರಿನವರು ತಮ್ಮ ಊರಿನ ಸರಾಫ ಪೇಟೆಯಲ್ಲಿ ಅಕ್ಕಸಾಲಿಗರು ಸಾಮಾನು ಕೊಳ್ಳುವ ಅಂಗಡಿಯನ್ನು ವಿಚಾರಿಸಬೇಕು.

ಇನ್ನು ಚಿತ್ರ. ಒಡವೆಯನ್ನು ನಿಜವಾದ ಅಳತೆಯಲ್ಲಿಯೇ ಬರೆಯಿರಿ. ದೊಡ್ಡದಾಗಿ ಬರೆದ ಚಿತ್ರದಲ್ಲಿ ಕಾಣುವ ಬಳ್ಳಿ, ಎಲೆ, ಮುತ್ತಿನ ಸಾಲುಗಳು 12 ಮಿಲಿಮೀಟರಿಗೆ ಇಳಿದಾಗ ಬರೀ ಗಲೀಜಾಗುತ್ತವೆ. ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಹೀಗೆ ಮೂರು ನೋಟಗಳನ್ನು ಬರೆಯಬೇಕು. ಪಕ್ಕದ ನೋಟವೇ ಮುಖ್ಯ, ಏಕೆಂದರೆ ಉಂಗುರ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ, ಪಕ್ಕದ ಬೆರಳಿಗೆ ತಾಗುತ್ತದೆಯೇ, ಸೆರಗಿನ ನೂಲಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಪ್ರೇರಣೆಗೆಂದು ಫೋನಿನಲ್ಲಿ ನೂರಾರು ಚಿತ್ರ ನೋಡುವುದಕ್ಕಿಂತ ಮನೆಯ ಹಿರಿಯರ ಬಳಿಯಿರುವ ಹಳೆಯ ಒಡವೆಯೊಂದನ್ನು ತಿರುಗಿಸಿ ಬೆನ್ನಿನ ಕಡೆ ನೋಡುವುದರಿಂದ ಹೆಚ್ಚು ಕಲಿಯಬಹುದು. ಕೊಡಗಿನ ಕೊಕ್ಕೆತಾತಿಯಾಗಲಿ, ಮೈಸೂರಿನ ಕಡೆಯ ಕೆಂಪಿನ ಓಲೆಯಾಗಲಿ, ಬುಗುಡಿಯಾಗಲಿ, ಮುಂದೆ ಕೆಂಪು ಹರಳುಗಳ ಸಾಲು ಕಂಡರೆ ಹಿಂದೆ ಯಾವ ತಗಡಿಗೆ ಯಾವ ಕೊಂಡಿಯನ್ನು ಎಲ್ಲಿ ಬೆಸೆದಿದ್ದಾರೆ ಎಂಬುದು ಕಾಣುತ್ತದೆ. ಮಾಡಿದವನ ಬುದ್ಧಿ ಇರುವುದು ಆ ಬೆನ್ನಿನಲ್ಲಿ.

ಲೋಹದ ಲೆಕ್ಕ

ಶುದ್ಧ ಬೆಳ್ಳಿ ಉಂಗುರಕ್ಕೆ ಮೆತ್ತಗಾಗುತ್ತದೆ. ಬಳಸುತ್ತ ಹೋದಂತೆ ಆಕಾರ ಕೆಡುತ್ತದೆ. ಆದ್ದರಿಂದ ನೂರರಲ್ಲಿ 92.5 ಪಾಲು ಬೆಳ್ಳಿ, 7.5 ಪಾಲು ತಾಮ್ರ ಸೇರಿದ ಸ್ಟರ್ಲಿಂಗ್ ಬೆಳ್ಳಿಯನ್ನು ಬಳಸುವುದು ರೂಢಿ. ಮೂಸೆಯಲ್ಲಿ ತಾವೇ ಕರಗಿಸಿ ಬೆರೆಸುವವರು 37 ಗ್ರಾಂ ಶುದ್ಧ ಬೆಳ್ಳಿಗೆ 3 ಗ್ರಾಂ ತಾಮ್ರ ಹಾಕಿದರೆ 40 ಗ್ರಾಂ ಸಿಗುತ್ತದೆ. ಹೊಸಬರು ಈ ಗೋಜಿಗೆ ಹೋಗದೆ ತಗಡನ್ನೇ ಕೊಳ್ಳುವುದು ಒಳ್ಳೆಯದು. ಬೇಕಾದದ್ದು ಮೂರು ಬಗೆ: ಉಂಗುರದ ಬಳೆಗೆ, ಅಂದರೆ ಬೆರಳನ್ನು ಸುತ್ತುವ ಭಾಗಕ್ಕೆ 1.5 ಮಿಲಿಮೀಟರ್ ದಪ್ಪದ ಪಟ್ಟಿ, ಹರಳಿನ ತಳಕ್ಕೆ 0.8 ಮಿಲಿಮೀಟರ್ ತಗಡು, ಹರಳನ್ನು ಹಿಡಿಯುವ ಗೋಡೆಗೆ 0.3 ಮಿಲಿಮೀಟರ್ ದಪ್ಪದ ಶುದ್ಧ ಬೆಳ್ಳಿಯ ಪಟ್ಟಿ. ಗೋಡೆಗೆ ಮಾತ್ರ ಶುದ್ಧ ಬೆಳ್ಳಿ ಏಕೆಂದರೆ ಅದು ಮೆದುವಾಗಿದ್ದು ಹರಳಿನ ಮೇಲೆ ಸಲೀಸಾಗಿ ಬಾಗುತ್ತದೆ. ಅಲ್ಲದೆ ಅದು ಕರಗುವುದು 961 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಸ್ಟರ್ಲಿಂಗ್ ಸುಮಾರು 800 ಡಿಗ್ರಿಯಲ್ಲಿಯೇ ಕರಗತೊಡಗುವುದರಿಂದ, ತೆಳುವಾದ ಗೋಡೆಗೆ ಆ ಹೆಚ್ಚಿನ ಅಂತರವೇ ರಕ್ಷಣೆ.

ಬಳೆಯ ಉದ್ದವನ್ನು ಲೆಕ್ಕ ಹಾಕುವುದು ಸುಲಭ. ಉಂಗುರದ ಒಳವ್ಯಾಸಕ್ಕೆ ತಗಡಿನ ದಪ್ಪವನ್ನು ಕೂಡಿಸಿ 3.14ರಿಂದ ಗುಣಿಸಬೇಕು. ಒಳವ್ಯಾಸ 17 ಮಿಲಿಮೀಟರ್, ದಪ್ಪ 1.5 ಆದರೆ 18.5ನ್ನು 3.14ರಿಂದ ಗುಣಿಸಿ ಬರುವ 58 ಮಿಲಿಮೀಟರ್ ಉದ್ದದ ಪಟ್ಟಿ ಬೇಕು. ದಪ್ಪವನ್ನು ಕೂಡಿಸಲು ಮರೆತರೆ ಉಂಗುರ ಬೆರಳಿನ ಗೆಣ್ಣು ದಾಟುವುದಿಲ್ಲ. ಬೆರಳಿನ ಅಳತೆಯನ್ನು ಸಂಜೆ ತೆಗೆಯಿರಿ. ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ.

ಬೆಳ್ಳಿಯನ್ನು ಕತ್ತರಿಸುವ ಮೊದಲು ಅದೇ ಅಳತೆಯಲ್ಲಿ ಹಿತ್ತಾಳೆಯಲ್ಲಿ ಒಂದು ಮಾದರಿ ಮಾಡಿ. ಹಿತ್ತಾಳೆಯ ಸಾಂದ್ರತೆ ಸುಮಾರು 8.5, ಸ್ಟರ್ಲಿಂಗಿನದು 10.4ರ ಹತ್ತಿರ, ಮಾದರಿಯ ತೂಕವನ್ನು 1.2ರಿಂದ ಗುಣಿಸಿದರೆ ಬೆಳ್ಳಿಯ ತೂಕ ಸಿಗುತ್ತದೆ. ನಾಲ್ಕು ಮಿಲಿಮೀಟರ್ ಅಗಲದ ಬಳೆಯಿರುವ ಈ ಉಂಗುರ ಹರಳು ಬಿಟ್ಟು ಐದು ಗ್ರಾಂನ ಆಸುಪಾಸಿಗೆ ಬರುತ್ತದೆ. ಅರದ ಪುಡಿಗೂ ಕೊಯ್ದ ಚೂರಿಗೂ ಸೇರಿಸಿ ಒಂದೂವರೆ ಪಟ್ಟು ಲೋಹ ಇಟ್ಟುಕೊಂಡರೆ ಸಾಕು.

ಕೊಯ್ಯುವುದು, ಅರೆಯುವುದು

ಗರಗಸದ ಎಳೆಯನ್ನು ಚೌಕಟ್ಟಿಗೆ ಸಿಕ್ಕಿಸುವಾಗ ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರಬೇಕು, ಏಕೆಂದರೆ ಲೋಹ ಕೊಯ್ಯುವುದು ಕೆಳಕ್ಕೆ ಎಳೆಯುವಾಗ. ಎಳೆ ಬಿಗಿಯಾಗಿದ್ದರೆ ಉಗುರಿನಿಂದ ಮೀಟಿದಾಗ ಟಿಣ್ ಎನ್ನುತ್ತದೆ. ಸಡಿಲವಾಗಿದ್ದರೆ ತಿರುವಿನಲ್ಲಿ ಮುರಿಯುತ್ತದೆ. ತಗಡಿನ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲುಗಳು ಏಕಕಾಲಕ್ಕೆ ತೊಡಗಿರುವಷ್ಟು ಸಣ್ಣ ಎಳೆಯನ್ನು ಆರಿಸಿ, ಆಗಾಗ ಅದಕ್ಕೆ ಮೇಣ ಸವರಿ. ಒತ್ತಬೇಡಿ. ಗೆರೆಯ ಮೇಲೆಯೇ ಕೊಯ್ಯದೆ ಕೂದಲೆಳೆಯಷ್ಟು ಹೊರಗೆ ಕೊಯ್ದು, ಉಳಿದದ್ದನ್ನು ಅರದಿಂದ ತೆಗೆಯಬೇಕು. ತೊಡೆಯ ಮೇಲೆ ಚರ್ಮದ ಹಾಸು ಅಥವಾ ಮೇಜಿನ ಕೆಳಗೆ ತಟ್ಟೆ ಇರಲಿ. ಬಿದ್ದ ಪುಡಿಯಿಂದ ಕಬ್ಬಿಣದ ಚೂರುಗಳನ್ನು ಅಯಸ್ಕಾಂತ ಆಡಿಸಿ ಬೇರ್ಪಡಿಸಿ ಡಬ್ಬಿಯಲ್ಲಿ ತೆಗೆದಿಡಿ. ಅಕ್ಕಸಾಲಿಗರ ಅಂಗಡಿಯ ಮುಂದಿನ ಮಣ್ಣನ್ನೂ ಗುಡಿಸಿಕೊಂಡು ಹೋಗಿ, ತೊಳೆದು ಲೋಹ ತೆಗೆದು ಜೀವನ ಮಾಡುವವರು ಪೇಟೆಗಳಲ್ಲಿ ಇದ್ದಾರೆಂದ ಮೇಲೆ ನಿಮ್ಮ ಮೇಜಿನ ಪುಡಿಯನ್ನು ಕಸಕ್ಕೆ ಹಾಕುವುದು ದಡ್ಡತನ.

ಪಟ್ಟಿಯನ್ನು ಬಾಗಿಸುವ ಮೊದಲು ಹದ ಮಾಡಬೇಕು. ಬಡಿದಂತೆ, ಬಾಗಿಸಿದಂತೆ ಬೆಳ್ಳಿ ಗಡುಸಾಗುತ್ತದೆ. ಒಳಗಿನ ಹರಳುಕಣಗಳ ಜೋಡಣೆ ಕದಡುವುದೇ ಇದಕ್ಕೆ ಕಾರಣ. 600ರಿಂದ 650 ಡಿಗ್ರಿಯವರೆಗೆ ಕಾಯಿಸಿದರೆ ಕಣಗಳು ಹೊಸದಾಗಿ ಜೋಡಿಕೊಂಡು ಲೋಹ ಮತ್ತೆ ಮೆದುವಾಗುತ್ತದೆ. ಈ ಶಾಖ ಕಣ್ಣಿಗೆ ತಿಳಿಯುವುದು ಮಬ್ಬುಗೆಂಪು ಬಣ್ಣದಿಂದ, ಅದೂ ಕೋಣೆ ಮಂಕಾಗಿದ್ದರೆ ಮಾತ್ರ. ಹಗಲು ಬೆಳಕಿನಲ್ಲಿ ಕೆಂಪು ಕಂಡಿತೆಂದರೆ ಬೆಳ್ಳಿ ಆಗಲೇ ಮಿತಿ ಮೀರಿ ಕಾದಿರುತ್ತದೆ. ಕಿಟಕಿಯ ಪರದೆ ಎಳೆದು ಬೆಂಕಿಯ ಕೆಲಸ ಮಾಡುವ ಹಳೆಯ ರೂಢಿಗೆ ಕಾರಣ ಇದೇ.

ಬೆಂಕಿಯ ಸರದಿ

ಈ ಉಂಗುರದಲ್ಲಿ ನಾಲ್ಕು ಬೆಸುಗೆಗಳಿವೆ: ಬಳೆಯ ಎರಡು ತುದಿಗಳು, ಗೋಡೆಯ ಎರಡು ತುದಿಗಳು, ಗೋಡೆ ಮತ್ತು ತಳ, ತಳ ಮತ್ತು ಬಳೆ. ನಾಲ್ಕನೆಯದನ್ನು ಬೆಸೆಯುವಾಗ ಮೊದಲ ಮೂರು ಬಿಚ್ಚಿಕೊಳ್ಳಬಾರದು. ಅದಕ್ಕಾಗಿಯೇ ಬೆಳ್ಳಿಯ ಬೆಸುಗೆ ಲೋಹ ಗಟ್ಟಿ, ನಡು, ಮೆದು ಎಂಬ ಮೂರು ದರ್ಜೆಗಳಲ್ಲಿ ಸಿಗುತ್ತದೆ. ತಯಾರಕರಿಗೆ ತಕ್ಕಂತೆ ತುಸು ಬದಲಾದರೂ ಗಟ್ಟಿ ಬೆಸುಗೆ ಹರಿಯುವುದು 750 ಡಿಗ್ರಿಯ ಆಸುಪಾಸಿನಲ್ಲಿ, ಉಳಿದೆರಡು ಅದಕ್ಕಿಂತ ಕ್ರಮವಾಗಿ ಕಡಿಮೆ ಶಾಖದಲ್ಲಿ. ಬಳೆಯ ಮತ್ತು ಗೋಡೆಯ ತುದಿಗಳಿಗೆ ಗಟ್ಟಿ, ಗೋಡೆಯನ್ನು ತಳಕ್ಕೆ ಕೂಡಿಸಲು ನಡು, ತಳವನ್ನು ಬಳೆಗೆ ಕೂರಿಸಲು ಮೆದು. ಚಿತ್ರದ ಪಕ್ಕದಲ್ಲಿ ಪ್ರತಿ ಸಂದಿಗೂ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಐದನೆಯ, ಆರನೆಯ ಬೆಸುಗೆ ಬೇಕೆನಿಸಿದರೆ ಹೊಸ ದರ್ಜೆಯನ್ನು ಹುಡುಕುವ ಬದಲು, ಎರಡು ಭಾಗಗಳನ್ನು ಒಂದೇ ತಗಡಿನಿಂದ ಬಾಗಿಸಿ ತೆಗೆಯಲಾಗುವುದೇ ಎಂದು ಯೋಚಿಸಿ. ಒಳ್ಳೆಯ ವಿನ್ಯಾಸಗಳಲ್ಲಿ ಅನೇಕವು ಹೀಗೆ ಬೆಸುಗೆ ಉಳಿಸಲು ಹೊರಟಾಗ ಹುಟ್ಟಿದವು.

ಬೆಸುಗೆ ಸಂದನ್ನು ತುಂಬುವುದಿಲ್ಲ. ಎರಡು ಮೈಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಮಾತ್ರ ಅದು ನಡುವೆ ಹೀರಿಕೊಂಡು ಹೋಗುತ್ತದೆ. ಬಳೆಯ ತುದಿಗಳನ್ನು ಕೂಡಿಸಿ ದೀಪಕ್ಕೆ ಎದುರಾಗಿ ಹಿಡಿಯಿರಿ. ನಡುವಿನಿಂದ ಬೆಳಕಿನ ಗೆರೆ ಕಂಡರೆ ಮತ್ತೆ ಅರ ಹಿಡಿಯಬೇಕು. ಇದರಲ್ಲಿ ರಾಜಿಯಿಲ್ಲ. ಈ ಹಂತದಲ್ಲಿ ಬಳೆ ದುಂಡಗಿರಬೇಕಾಗಿಲ್ಲ, ತುದಿಗಳು ಕೂಡಿದ್ದರೆ ಸಾಕು; ಬೆಸೆದ ಮೇಲೆ ಉಕ್ಕಿನ ಉಂಗುರಗೋಲಿಗೆ ಏರಿಸಿ ಮರದ ಸುತ್ತಿಗೆಯಿಂದ ಬಡಿದು ದುಂಡು ಮಾಡಬಹುದು.

ಬೆಸುಗೆ ಹರಿಯಲು ನೆರವಾಗುವ ಬಿಳಿಗಾರವನ್ನು ನೀರಿನಲ್ಲಿ ತೇದು ಸಂದಿಗೆ ಕುಂಚದಿಂದ ಹಚ್ಚಿ, ಬೆಸುಗೆಯ ಚಿಕ್ಕ ತುಣುಕನ್ನು ಸಂದಿಯ ಮೇಲೆ ಇಡಿ. ಮೊದಲು ಜ್ವಾಲೆಯನ್ನು ದೂರದಿಂದ ಆಡಿಸಬೇಕು. ನೀರು ಆರುವಾಗ ಬಿಳಿಗಾರ ಬಿಳಿಯಾಗಿ ಉಬ್ಬಿ ತುಣುಕನ್ನು ಆಚೀಚೆ ತಳ್ಳುತ್ತದೆ. ಉಬ್ಬು ಇಳಿದ ಕೂಡಲೇ ಸೂಜಿಮೊನೆಯ ಕಡ್ಡಿಯಿಂದ ಅದನ್ನು ಜಾಗಕ್ಕೆ ಸರಿಸಿ. ಅನಂತರ ಜ್ವಾಲೆಯನ್ನು ಹತ್ತಿರ ತಂದು ಇಡೀ ಒಡವೆಯನ್ನು ಕಾಯಿಸಿ, ಬೆಸುಗೆಯ ತುಣುಕನ್ನಲ್ಲ. ಬೆಸುಗೆ ಶಾಖ ಹೆಚ್ಚಿರುವ ಕಡೆಗೆ ಹರಿಯುವ ಸ್ವಭಾವದ್ದು. ತುಣುಕೊಂದನ್ನೇ ಕಾಯಿಸಿದರೆ ಅದು ಗುಂಡಗೆ ಮುದುಡಿ ಕೂರುತ್ತದೆ, ಸುತ್ತಲಿನ ಲೋಹ ತಣ್ಣಗೇ ಉಳಿಯುತ್ತದೆ. ಬಿಳಿಗಾರ ತಿಳಿಯಾಗಿ ಮಿನುಗತೊಡಗಿದಾಗ ಉಸಿರು ಬಿಗಿಹಿಡಿದು ನೋಡಿ: ತುಣುಕಿನ ಮೂಲೆಗಳು ಮೊದಲು ಮೊಂಡಾಗುತ್ತವೆ, ಮರುಕ್ಷಣ ಸಂದಿಯುದ್ದಕ್ಕೂ ಒಂದು ಹೊಳೆಯುವ ಗೆರೆ ಓಡುತ್ತದೆ. ಗೆರೆ ಕಂಡ ತಕ್ಷಣ ಜ್ವಾಲೆ ತೆಗೆಯಬೇಕು. ಗಟ್ಟಿ ಬೆಸುಗೆ ಹರಿಯುವ ಶಾಖಕ್ಕೂ ಸ್ಟರ್ಲಿಂಗ್ ಕರಗತೊಡಗುವ ಶಾಖಕ್ಕೂ ಸುಮಾರು 50 ಡಿಗ್ರಿ ಅಂತರವಷ್ಟೇ ಇದೆ ಎಂಬುದು ನೆನಪಿರಲಿ.

ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ. ಚಿನ್ನದ ಪೇಟೆಯಲ್ಲಿ ಕೆಡಿಎಂ ಎಂದು ಹೆಸರಾದ ಬೆಸುಗೆಯಲ್ಲಿ ಇದ್ದದ್ದು ಅದೇ ಲೋಹ. ಅದರ ಹೊಗೆ ಒಡವೆ ತೊಡುವವರಿಗಿಂತ ಮಾಡುವವರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಯಾವ ಬೆಸುಗೆಯೇ ಆಗಲಿ, ಕಿಟಕಿ ತೆರೆದು ಗಾಳಿಯಾಡುವಂತೆ ಇಟ್ಟುಕೊಂಡೇ ಕೆಲಸ ಮಾಡಿ. ಬೆಳಕಿಗೆ ಪರದೆ ಎಳೆದರೂ ಗಾಳಿಗೆ ದಾರಿ ಇರಬೇಕು.

ಬೆಂಕಿಯಿಂದ ಬಂದ ಬೆಳ್ಳಿ ಕಪ್ಪಾಗಿರುತ್ತದೆ, ಏಕೆಂದರೆ ಅದರೊಳಗಿನ ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಕೂಡಿರುತ್ತದೆ. ದೊಡ್ಡ ಕಾರ್ಯಾಗಾರಗಳಲ್ಲಿ ಇದನ್ನು ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ತೊಳೆಯುತ್ತಾರೆ. ಮನೆಯಲ್ಲಿ ಕಲಿಯುವವರಿಗೆ ಬಿಸಿನೀರಿನಲ್ಲಿ ಕರಗಿಸಿದ ಪಟಿಕ ಅಥವಾ ಸಿಟ್ರಿಕ್ ಆಮ್ಲವೇ ಸಾಕು; ನಿಧಾನವಾದರೂ ಅಪಾಯ ಕಡಿಮೆ. ಆ ದ್ರಾವಣಕ್ಕೆ ಕಬ್ಬಿಣದ ಚಿಮಟ ಅದ್ದಬಾರದು. ಅದ್ದಿದರೆ ದ್ರಾವಣದಲ್ಲಿರುವ ತಾಮ್ರ ಒಡವೆಯ ಮೇಲೆ ಗುಲಾಬಿ ಬಣ್ಣದ ಪೊರೆಯಾಗಿ ಕೂರುತ್ತದೆ. ತಾಮ್ರದ ಇಲ್ಲವೇ ಬಿದಿರಿನ ಚಿಮಟ ಬಳಸಿ.

ಹರಳಿನ ಮನೆ

ಗೋಡೆಯ ಪಟ್ಟಿಯ ಉದ್ದಕ್ಕೆ ಲೆಕ್ಕಕ್ಕಿಂತ ಕಾಗದದ ಪಟ್ಟಿಯನ್ನು ನಂಬಿ. ಹರಳಿನ ಸುತ್ತ ಬಿಗಿಯಾಗಿ ಸುತ್ತಿ ಗುರುತು ಹಾಕಿದರೆ ಈ ಅಳತೆಯ ಹರಳಿಗೆ ಸುಮಾರು 34.6 ಮಿಲಿಮೀಟರ್ ಬರುತ್ತದೆ. ಅದಕ್ಕೆ ಒಂದು ಮಿಲಿಮೀಟರ್ ಸೇರಿಸಿ ಕತ್ತರಿಸಿ, ತುದಿಯನ್ನು ಅರೆಯುತ್ತ ಸರಿಹೊಂದಿಸಬೇಕು. ಎತ್ತರ ನಿರ್ಧರಿಸಲು ಹರಳನ್ನು ಪಕ್ಕದಿಂದ ನೋಡಿ. ನೇರವಾಗಿ ಏರಿದ ಮೈ ಒಳಕ್ಕೆ ಬಾಗತೊಡಗುವ ಜಾಗವೊಂದಿರುತ್ತದೆ. ಗೋಡೆ ಅದನ್ನು ಅರ್ಧ ಮಿಲಿಮೀಟರಿನಷ್ಟು ದಾಟಿದರೆ ಸಾಕು. ಗಿಡ್ಡವಾದರೆ ಹರಳು ಹಿಡಿಯುವುದಿಲ್ಲ, ಎತ್ತರವಾದರೆ ಬಾಗಿಸುವಾಗ ನೆರಿಗೆ ಬೀಳುತ್ತದೆ ಮತ್ತು ಹರಳಿನ ಬಣ್ಣ ಅರ್ಧ ಮುಚ್ಚಿಹೋಗುತ್ತದೆ.

ತುದಿಗಳನ್ನು ಬೆಸೆದ ಮೇಲೆ ಹರಳು ಗೋಡೆಯೊಳಗೆ ತಾನಾಗಿಯೇ ಇಳಿಯಬೇಕು, ಆದರೆ ಅಲುಗಬಾರದು. ಗೋಡೆಯನ್ನು ತಳದ ತಗಡಿನ ಮೇಲೆ ಕೂರಿಸುವ ಮುನ್ನ ಅದರ ಕೆಳಗಿನ ಅಂಚನ್ನು ಗಾಜಿನ ಮೇಲೆ ಹಾಸಿದ ಮರಳು ಕಾಗದಕ್ಕೆ ಉಜ್ಜಿ ಸಮಮಾಡಿ. ತಳದ ತಗಡನ್ನು ಗೋಡೆಗಿಂತ ತುಸು ದೊಡ್ಡದಾಗಿಯೇ ಬಿಟ್ಟು, ಬೆಸುಗೆಯ ತುಣುಕುಗಳನ್ನು ಹೊರಗಡೆ ಇಟ್ಟರೆ ಉಳಿದ ಬೆಸುಗೆಯ ಕಲೆ ತಗಡಿನ ಅಂಚಿನೊಂದಿಗೆ ಕೊಯ್ದು ಹೋಗುತ್ತದೆ. ಜ್ವಾಲೆ ಕೆಳಗಿನ ತಗಡಿನ ಕಡೆಗೇ ಇರಲಿ. ತೆಳುಗೋಡೆಗೆ ನೇರ ಬೆಂಕಿ ತಾಗಬಾರದು.

ಹರಳನ್ನು ಈಗ ಪರೀಕ್ಷೆಗೆಂದು ಒಳಗಿಟ್ಟು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಇಡಿ, ಆದರೆ ಕೆಳಗೆ ಒಂದು ನೂಲನ್ನು ಅಡ್ಡಲಾಗಿ ಹಾಯಿಸಿಟ್ಟಿರಿ. ಎರಡೂ ತುದಿ ಹಿಡಿದು ಎತ್ತಿದರೆ ಹರಳು ಹೊರಬರುತ್ತದೆ. ನೂಲಿಲ್ಲದೆ ಸಿಕ್ಕಿಕೊಂಡ ಹರಳನ್ನು ತೆಗೆಯಲು ಗೋಡೆಯನ್ನೇ ಹರಿಯಬೇಕಾಗಬಹುದು.

ಕೊನೆಯದಾಗಿ, ದುಂಡು ಮಾಡಿದ ಬಳೆಯ ಮೇಲೆ ಅರದಿಂದ ಒಂದು ಚಪ್ಪಟೆ ಜಾಗ ಮಾಡಿ ತಳವನ್ನು ಮೆದು ಬೆಸುಗೆಯಿಂದ ಕೂರಿಸಿ. ಬಳೆಯ ಹಳೆಯ ಸಂದಿಯನ್ನು ತಳದ ಅಡಿಯಲ್ಲಿ ಅಡಗಿಸಿಡುವುದು ಹಲವರ ಪದ್ಧತಿ. ನಾನಂತೂ ಅದನ್ನು ಹಿಂಬದಿಗೆ, ಅಂಗೈಯ ಕಡೆಗೆ ಬಿಡಲು ಹೇಳುತ್ತೇನೆ. ಮುಂದೆ ಉಂಗುರವನ್ನು ಹಿಗ್ಗಿಸಬೇಕಾದಾಗ ಅಲ್ಲಿಯೇ ಕೊಯ್ದು ತುಣುಕು ಸೇರಿಸಬಹುದು, ಮತ್ತು ಜ್ವಾಲೆ ಹರಳಿನಿಂದ ಅತಿ ದೂರದಲ್ಲಿರುತ್ತದೆ.

ಮೆರುಗು, ಆಮೇಲೆ ಹರಳು

ಹರಳು ಕೂರಿಸುವ ಮೊದಲೇ ಮೆರುಗಿನ ಕೆಲಸ ಮುಗಿಯಬೇಕು, ಏಕೆಂದರೆ ಮರಳು ಕಾಗದದ ಕಣ ಗಾರ್ನೆಟ್‌ಗಿಂತ ಗಡುಸು. ಅರದ ಗೆರೆಗಳು ಹೋಗುವವರೆಗೆ 400, ಅನಂತರ 600, 800, 1200 ಸಂಖ್ಯೆಯ ಕಾಗದಗಳಿಂದ ಉಜ್ಜಿ. ಪ್ರತಿ ಕಾಗದಕ್ಕೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಗೆರೆ ಹೋಗಿದೆಯೋ ಇಲ್ಲವೋ ಎಂಬುದು ತಾನೇ ಕಾಣುತ್ತದೆ. ಕನ್ನಡಿಯ ಹೊಳಪು ಬೇಡದವರು ಹಳೆಯ ದಾರಿ ಹಿಡಿಯಬಹುದು: ಅಂಟುವಾಳದ ನೀರಿನಲ್ಲಿ ನೆನೆಸಿ ಹಿತ್ತಾಳೆ ಎಳೆಯ ಬ್ರಷ್‌ನಿಂದ ತಿಕ್ಕಿದರೆ ಬೆಳ್ಳಿಗೆ ಬರುವ ತಣ್ಣನೆಯ ಬಿಳುಪು ಯಂತ್ರದ ಮೆರುಗಿಗಿಂತ ನನಗೆ ಹೆಚ್ಚು ಇಷ್ಟ. ಗಂಧಕದ ದ್ರಾವಣದಿಂದ ತಗ್ಗುಗಳನ್ನು ಕಪ್ಪಾಗಿಸಬೇಕೆಂದಿದ್ದರೆ ಅದೂ ಈ ಹಂತದಲ್ಲಿಯೇ ಆಗಬೇಕು.

ಕೂರಿಸುವಾಗ ಉಂಗುರವನ್ನು ಮರದ ಹಿಡಿಕೆಯಲ್ಲಿ ಭದ್ರವಾಗಿ ಬಿಗಿಯಿರಿ. ಹರಳು ಒಳಗಿಟ್ಟು, ಗೋಡೆಯನ್ನು ಸುತ್ತಲೂ ಒಂದೇ ಕಡೆಯಿಂದ ಒತ್ತುತ್ತ ಹೋಗಬೇಡಿ; ಹಾಗೆ ಮಾಡಿದರೆ ಹೆಚ್ಚುವರಿ ಲೋಹವೆಲ್ಲ ಕೊನೆಯ ಜಾಗದಲ್ಲಿ ಸೇರಿ ನೆರಿಗೆಯಾಗುತ್ತದೆ. ಅಂಡಾಕಾರದ ಎರಡು ಕೊನೆಗಳಲ್ಲಿ ಮೊದಲು ಒಂದೊಂದು ಒತ್ತು, ಆಮೇಲೆ ಎರಡು ಪಕ್ಕಗಳಲ್ಲಿ, ಆಮೇಲೆ ಇವುಗಳ ನಡುವಿನ ಜಾಗಗಳಲ್ಲಿ, ಯಾವಾಗಲೂ ಎದುರುಬದುರಾಗಿ. ಒತ್ತುವ ಹತಾರವನ್ನು ಮೊದಲು ಗೋಡೆಯ ಬುಡಕ್ಕೆ ಆನಿಸಿ, ಬುಡ ಹರಳಿಗೆ ಕೂಡಿಕೊಂಡ ಮೇಲೆ ಅಂಚನ್ನು ಬಾಗಿಸಬೇಕು. ಬರೀ ಅಂಚನ್ನು ಮಡಿಸಿದರೆ ಒಳಗೆ ಟೊಳ್ಳು ಉಳಿದು, ಕೆಲವು ತಿಂಗಳಲ್ಲಿ ಹರಳು ಕಿಟಕಿಟ ಎನ್ನತೊಡಗುತ್ತದೆ. ಎಲ್ಲ ಮುಗಿದ ಮೇಲೆ ಉಕ್ಕಿನ ನಯಗೋಲಿನಿಂದ ಅಂಚನ್ನು ಉಜ್ಜಿ, ಉಗುರಿನಿಂದ ಸುತ್ತಲೂ ಎಳೆದು ನೋಡಿ. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ನೂಲೂ ಸಿಕ್ಕಿಕೊಳ್ಳುವುದಿಲ್ಲ.

ಒಪ್ಪಿಸುವ ಮೊದಲು

ಮಾರುವ ಉದ್ದೇಶವಿದ್ದರೆ ಲೋಹದ ತೂಕ, ಹರಳಿನ ಬೆಲೆ, ಸವಕಳಿ, ಕೂಲಿ ನಾಲ್ಕನ್ನೂ ಬೇರೆಬೇರೆಯಾಗಿ ಬರೆಯಿರಿ. ಕೂಲಿಯನ್ನು ತೂಕದ ಮೇಲೆ ಹಾಕುವ ಪೇಟೆಯ ರೂಢಿ ಐದು ಗ್ರಾಂನ ಕೈಕೆಲಸಕ್ಕೆ ನ್ಯಾಯ ಒದಗಿಸುವುದಿಲ್ಲ, ಗಂಟೆಗಳ ಮೇಲೆ ಹಾಕುವುದೇ ಸರಿ. ಬೆಳ್ಳಿಯ ಶುದ್ಧತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 2112 ಎಂಬ ಮಾನದಂಡವಿದ್ದು, ಹಾಲ್‌ಮಾರ್ಕ್ ಹಾಕಿಸುವವರ ಒಡವೆಯಲ್ಲಿ 925 ಎಂಬ ದರ್ಜೆ ಕಾಣಬೇಕು. ಬೆಸುಗೆಯಲ್ಲಿ ಬೆಳ್ಳಿಯ ಪಾಲು ಕಡಿಮೆ ಇರುವುದರಿಂದ ಅದನ್ನು ಧಾರಾಳವಾಗಿ ಬಳಸಿದ ಒಡವೆ ಪರೀಕ್ಷೆಯಲ್ಲಿ ಹಿಂದೆ ಬೀಳಬಹುದು. ಬೆಸುಗೆಯ ತುಣುಕು ಚಿಕ್ಕದಿರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಉಂಗುರದ ಜೊತೆ ಒಂದು ಚೀಟಿ ಕೊಡಿ. ಲೋಹದ ಶುದ್ಧತೆ, ಹರಳಿನ ಹೆಸರು, ಬಳಸಿದ ಬೆಸುಗೆಯ ದರ್ಜೆಗಳು, ಬಳೆಯ ಸಂದಿ ಹಿಂಬದಿಯಲ್ಲಿದೆ ಎಂಬ ಮಾತು ಅದರಲ್ಲಿರಲಿ. ಮುಂದೆ ಅದನ್ನು ಹಿಗ್ಗಿಸುವ ಅಕ್ಕಸಾಲಿಗನಿಗೆ ಎಲ್ಲಿ ಕೊಯ್ಯಬೇಕು, ಎಷ್ಟು ಕಾಯಿಸಬಹುದು, ಹರಳಿಗೆ ಒದ್ದೆ ಹತ್ತಿ ಸುತ್ತಿ ಕಾಪಾಡಬೇಕೇ ಅಥವಾ ಬಿಚ್ಚಬೇಕೇ ಎಂಬುದು ಅದರಿಂದ ತಿಳಿಯುತ್ತದೆ.